ಚಿನ್ನದ ಪುಡಿ ತೂಗಿದ ಬಟ್ಟುಗಳು: ಪಟ್ಟಿ ಮಾಡಿದ ನನ್ನ ಅನುಭವ

ಗೋಲ್ಡ್ ಕೋಸ್ಟಿನಿಂದ, ಅಂದರೆ ಇಂದಿನ ಘಾನಾದಿಂದ, ವಸಾಹತು ಕಾಲದಲ್ಲಿ ತಂದ ವಸ್ತುಗಳಿದ್ದ ಯುರೋಪಿನ ಸಣ್ಣ ಸಂಗ್ರಹಾಲಯವೊಂದರಲ್ಲಿ ಹೊಸ ಪಟ್ಟಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ಕರಾವಳಿಯ ಹೆಸರು ನನಗೆ ತೀರಾ ಅಪರಿಚಿತವಾಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1828ರಲ್ಲೇ ಅಲ್ಲಿಗೆ ಹೋಗಿತ್ತು.

ನಾನು ಹೆಚ್ಚು ದಿನ ಕಳೆದದ್ದು ಅಲ್ಲಿನ ಅಸಾಂಟೆ ಜನರ ತೂಕದ ಬಟ್ಟುಗಳ ಜೊತೆ. ಚಿನ್ನದ ಪುಡಿಯೇ ನಾಣ್ಯವಾಗಿದ್ದ ಆ ನಾಡಿನಲ್ಲಿ ಮೇಣದ ಅಚ್ಚು ಮಾಡಿ ಹಿತ್ತಾಳೆಯಲ್ಲಿ ಎರಕ ಹೊಯ್ದ ಮೊಸಳೆ, ಮೀನು, ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿ, ಇವೆಲ್ಲ ತೂಗಲು ಬಳಸಿದವು. ನಮ್ಮ ಅಕ್ಕಸಾಲಿಗರ ಗುಲಗಂಜಿಯನ್ನು ಅವರೂ 'ದಮ್ಮಾ' ಎಂದು ಕರೆದು ಸಣ್ಣ ತೂಕಕ್ಕೆ ಬಳಸುತ್ತಿದ್ದರು ಎಂದು ತಿಳಿದ ದಿನ ನನಗಾದ ಸಂತೋಷ ಹೇಳತೀರದು.

ಮೊದಲ ವಾರದಲ್ಲೇ ನಾನೊಂದು ತಪ್ಪು ಮಾಡಿದೆ. ಮೊಸಳೆಯೊಂದರ ಬಾಲದ ತುದಿ ಇರಲಿಲ್ಲ. ಕಾರ್ಡಿನಲ್ಲಿ 'ಮುರಿದಿದೆ' ಎಂದು ಬರೆದೆ. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಆ ತುದಿ ನೀಟಾಗಿ ಕತ್ತರಿಸಿ ಉಜ್ಜಿದ್ದಾಗಿತ್ತು, ಪಕ್ಕದ ಬಟ್ಟಿನ ತಳದಲ್ಲಿ ಸೀಸ ತುಂಬಿತ್ತು. ಎರಕದಲ್ಲಿ ತೂಕ ಹೆಚ್ಚಾದರೆ ಕತ್ತರಿಸುವುದು, ಕಡಿಮೆಯಾದರೆ ಸೀಸ ಸೇರಿಸುವುದು ಅಲ್ಲಿನ ಕ್ರಮವಾಗಿತ್ತು. ಕಾರ್ಡು ತಿದ್ದಿದೆ, ಪ್ರತಿಯೊಂದನ್ನೂ 0.01 ಗ್ರಾಂವರೆಗೆ ತೂಗಿ ಬರೆದೆ, ಯಾವುದನ್ನೂ ಉಜ್ಜಿ ಹೊಳಪು ಬರಿಸಲಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಹಿಂದೆ ಯಾರೋ ಮಾಡಿದ ವಿಂಗಡಣೆ. ಬಟ್ಟು, ತಕ್ಕಡಿ, ಚಮಚ, ಪುಡಿಯ ಡಬ್ಬಿ ಎಲ್ಲ ಸೇರಿ ಒಬ್ಬ ವರ್ತಕನ ಸಂಪತ್ತಾಗಿದ್ದದ್ದನ್ನು ಹಕ್ಕಿಗಳು ಒಂದು ಖಾನೆಗೆ, ಮೀನುಗಳು ಇನ್ನೊಂದಕ್ಕೆ ಎಂದು ಚದುರಿಸಿದ್ದರು. ಮಾಸಿದ ಶಾಯಿಯ ಹಳೆಯ ಸಂಖ್ಯೆಗಳನ್ನು ಹಿಡಿದು ಹುಡುಕುತ್ತ ಒಂದೇ ಗಂಟಿನ ಹನ್ನೊಂದು ತುಂಡುಗಳನ್ನು ಮರಳಿ ಸೇರಿಸಿದೆ.

ಹಳೆಯ ಪಟ್ಟಿಯಲ್ಲಿ ಎಲ್ಲದಕ್ಕೂ 'ಸಂಗ್ರಹಿಸಿದ್ದು' ಎಂಬ ಒಂದೇ ಪದವಿತ್ತು. 1874ರಲ್ಲಿ ಬ್ರಿಟಿಷ್ ಸೈನ್ಯ ಅಸಾಂಟೆ ರಾಜಧಾನಿ ಕುಮಾಸಿಯ ಅರಮನೆಯನ್ನು ಲೂಟಿ ಮಾಡಿ ಹೊತ್ತದ್ದೂ, ಚಿನ್ನದ ಪುಡಿಯ ಚಲಾವಣೆ ನಿಂತ ಮೇಲೆ ಬೇಡವಾದ ಬಟ್ಟುಗಳನ್ನು ಮನೆಯವರು ಮಾರಿದ್ದೂ ಒಂದೇ ಪದದಡಿ ಬರಲಾಗದು. ಹಾಗಾಗಿ ಕೊಂಡದ್ದು, ಕಿತ್ತುಕೊಂಡದ್ದು, ತಿಳಿಯದು ಎಂದು ಮೂರು ಕಾಲಂ ಮಾಡಿದೆ. ಮೂರನೆಯದೇ ಹೆಚ್ಚು ತುಂಬಿತು. ಅದನ್ನು ಹಾಗೆಯೇ ಬಿಟ್ಟೆ. ಆ ಹನ್ನೊಂದು ತುಂಡುಗಳು ಈಗ ಒಂದೇ ತಟ್ಟೆಯಲ್ಲಿವೆ, ಬಾಲ ಕತ್ತರಿಸಿದ ಮೊಸಳೆಯೂ ಅವುಗಳಲ್ಲೊಂದು.