ಏರೋಪ್ಲೇನ್ ಚಿಟ್ಟೆಯ ಗಾಳಿಪಟ

ಆಷಾಢದ ಗಾಳಿಗೆ ಚೌಕ ಪಟ ಬಿಡುವವರು ನಮ್ಮಲ್ಲಿ ಬಹಳ. ನನಗೆ ಏರೋಪ್ಲೇನ್ ಚಿಟ್ಟೆಯನ್ನೇ ಹಾರಿಸಬೇಕಿತ್ತು. ಪಟಕ್ಕೆ ಬೇಕಾದದ್ದೆಲ್ಲ ಅದರ ಮೈಯಲ್ಲೇ ಇದೆ: ಮುಂದೆ ದಪ್ಪ ತಲೆ, ಅದಕ್ಕೆ ಹತ್ತಿಕೊಂಡೇ ಅಗಲ ರೆಕ್ಕೆಗಳು, ಹಿಂದೆ ಉದ್ದನೆಯ ಹೊಟ್ಟೆ. ಆ ಹೊಟ್ಟೆಯೇ ಅರ್ಧ ಬಾಲಂಗೋಚಿ.

ಕೆಲಸದ ಮುಕ್ಕಾಲು ಪಾಲು ಬಿದಿರಿನದು. ಒಣಗಿದ ಬಿದಿರನ್ನು ಸೀಳಿ, ಹೊರಸಿಪ್ಪೆ ಉಳಿಸಿಕೊಂಡು ಒಳಗಿನದನ್ನಷ್ಟೇ ಹೆರೆಯಬೇಕು. ಗಟ್ಟಿತನ ಇರುವುದು ಸಿಪ್ಪೆಯಲ್ಲಿ. ಮುಂದಿನ ರೆಕ್ಕೆಯ ಕಡ್ಡಿ ಸುಮಾರು ಒಂದು ಮೀಟರ್. ಗಿಣ್ಣು ಸರಿಯಾಗಿ ನಡುವಿಗೆ ಬರುವಂತೆ ಕತ್ತರಿಸಿ, ತುದಿಗೆ ಹೋಗುತ್ತಾ ಸಣ್ಣಗೆ ಮಾಡುತ್ತೇನೆ. ಚಾಕುವಿನ ಅಲಗಿನ ಮೇಲೆ ನಡುವನ್ನಿಟ್ಟು ನೋಡಿ, ಯಾವ ಕಡೆ ವಾಲುತ್ತದೋ ಆ ಕಡೆ ಇನ್ನಷ್ಟು ಹೆರೆಯುವುದು. ತೂಕ ಸಮವಾದರೆ ಸಾಲದು. ಬಗ್ಗಿಸಿದಾಗ ಎರಡು ಕಡೆಯೂ ಒಂದೇ ಸಮ ಬಾಗಬೇಕು. ಇಲ್ಲಿ ಅವಸರ ಮಾಡಿದ ಪಟ ಯಾವಾಗಲೂ ಒಂದೇ ಕಡೆಗೆ ಗೋತಾ ಹೊಡೆಯುತ್ತದೆ.

ಹಿಂದಿನ ರೆಕ್ಕೆ ಉದ್ದದಲ್ಲಿ ತುಸು ಕಡಿಮೆ, ಬುಡದಲ್ಲಿ ಹೆಚ್ಚು ಅಗಲ, ಹುಳುವಿಗೆ ಇರುವ ಹಾಗೆಯೇ. ಎರಡು ಜೋಡಿಗಳ ನಡುವೆ ಮೂರು ಬೆರಳು ತೆರವು ಬಿಟ್ಟೆ. ಹಿಂಬದಿಯ ಅಂಚಿಗೆ ಕಡ್ಡಿಯಿಲ್ಲ, ದಾರ ಅಷ್ಟೇ. ಕಾಗದವನ್ನು ಅದರ ಮೇಲೆ ಮಡಚಿ ಮೈದಾ ಅಂಟು ಹಾಕಿದೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಮಚ್ಚೆಯ ಕೆಲಸ. ಈ ಚಿಟ್ಟೆಯ ಪ್ರತಿ ರೆಕ್ಕೆಯ ತುದಿಯ ಹತ್ತಿರ, ಮುಂದಿನ ಅಂಚಿನಲ್ಲಿ, ಒಂದು ಸಣ್ಣ ಕಪ್ಪು ಮಚ್ಚೆ ಇರುತ್ತದೆ. ಸುತ್ತಲಿನ ರೆಕ್ಕೆಗಿಂತ ಆ ಜಾಗ ಭಾರ. ತೇಲುವಾಗ ರೆಕ್ಕೆ ತಿರುಚಿಕೊಂಡು ಅದುರದಂತೆ ಆ ಭಾರ ತಡೆಯುತ್ತದೆ ಎಂದು ನಾರ್ಬರ್ಗ್ ಎಂಬ ವಿಜ್ಞಾನಿ 1972ರಲ್ಲಿ ವಿವರಿಸಿದ್ದರು. ಅದೇ ಜಾಗಕ್ಕೆ ನಾಲ್ಕು ಪದರ ಕಪ್ಪು ಕಾಗದ ಅಂಟಿಸಿದೆ. ತುದಿಗಳ ಪರಪರ ಸದ್ದು ನಿಜಕ್ಕೂ ತಗ್ಗಿತು.

ಸೂತ್ರ ಎಂದರೆ ಪಟವನ್ನು ಹಾರಿಸುವ ದಾರಕ್ಕೆ ಸೇರಿಸುವ ಗಿಡ್ಡ ದಾರ. ಅದರ ಒಂದು ಗಂಟು ಮುಂದಿನ ಕಡ್ಡಿ, ತಲೆಯಿಂದ ಹೊಟ್ಟೆಯ ಉದ್ದಕ್ಕೂ ಇರುವ ನಡುಗಡ್ಡಿಗೆ ಸೇರುವಲ್ಲಿ, ಇನ್ನೊಂದು ಹಿಂದಿನ ರೆಕ್ಕೆಗಿಂತ ಒಂದು ಗೇಣು ಕೆಳಗೆ. ಗಾಳಿ ಜೋರಿದ್ದರೆ ದಾರ ಕಟ್ಟುವ ಕುಣಿಕೆಯನ್ನು ತಲೆಯ ಕಡೆ ಸರಿಸುತ್ತೇನೆ, ಮೆಲ್ಲಗಿದ್ದರೆ ಹೊಟ್ಟೆಯ ಕಡೆ. ಅರ್ಧ ಬೆರಳು ಸರಿಸಿದರೂ ಪಟದ ನಡೆ ಬದಲಾಗುತ್ತದೆ. ಆಷಾಢದ ಗಾಳಿಗೆ ಹೊಟ್ಟೆಯೊಂದೇ ಸಾಲದ್ದರಿಂದ ತುದಿಗೆ ಎರಡು ಮೊಳ ಹಳೇ ಪಂಚೆಯ ಪಟ್ಟಿ ಕಟ್ಟುತ್ತೇನೆ.

ದಾರ ಬರೀ ಹತ್ತಿಯದು. ಹಕ್ಕಿಯ ರೆಕ್ಕೆಯನ್ನೂ ಬೈಕಿನವರ ಕೊರಳನ್ನೂ ಕೊಯ್ಯುವ ಮಾಂಜಾ ನಮ್ಮ ಮನೆಗೆ ಬರಕೂಡದು. ಜಿಟಿಜಿಟಿ ಹನಿ ಶುರುವಾದರೆ ಆಸೆ ಬಿಟ್ಟು ಕೂಡಲೇ ಇಳಿಸಬೇಕು. ಮೈದಾ ಅಂಟಿಗೆ ನೀರು ಆಗಿಬರುವುದಿಲ್ಲ.