ಲಿನಕ್ಸ್ ಮಿಂಟ್: 1024×768ಕ್ಕೇ ನಿಂತ ಫುಲ್ ಎಚ್‌ಡಿ ಮಾನಿಟರ್ ಸರಿಹೋದ ಬಗೆ

ಇಂಟೆಲ್ ಗ್ರಾಫಿಕ್ಸ್‌ನ ಹಳೇ ಡೆಸ್ಕ್‌ಟಾಪ್, ವಿಜಿಎ ಕೇಬಲ್. ವಿಂಡೋಸ್ ತೆಗೆದು ಮಿಂಟ್ ಹಾಕಿದ ಮೇಲೆ ಅಕ್ಷರಗಳೆಲ್ಲ ಮಸುಕು, ಅಡ್ಡಕ್ಕೆ ಎಳೆದ ಹಾಗೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ಮೇಲೆ ಆಯ್ಕೆಯೇ ಇಲ್ಲ.

ಡ್ರೈವರ್ ಮ್ಯಾನೇಜರ್ ತೆರೆದು ಪ್ರಯೋಜನವಿಲ್ಲ, ಇಂಟೆಲ್ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ಗ್ರಬ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಲಿನಕ್ಸನ್ನು ಲೋಡ್ ಮಾಡುವ ಪ್ರೋಗ್ರಾಮ್) ‘ನೋಮೋಡ್‌ಸೆಟ್’ ಎಂಬ ಆಯ್ಕೆ ಹಾಕಿದರೆ ಆ ಡ್ರೈವರೇ ಕೆಲಸ ಮಾಡುವುದಿಲ್ಲ. ಹಾಕಿದ್ದರೆ ಮೊದಲು ತೆಗೆಯಿರಿ.

ತೊಂದರೆ ಇದ್ದದ್ದು ಕೇಬಲ್‌ನಲ್ಲಿ. ಮಾನಿಟರ್ ತನ್ನ ಅಳತೆಯ ವಿವರವನ್ನು (ಇದಕ್ಕೆ ಇಡಿಐಡಿ ಅಂತಾರೆ) 12 ಮತ್ತು 15ನೇ ಪಿನ್‌ಗಳ ಮೂಲಕ ಕಳಿಸುತ್ತದೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಆ ತಂತಿಗಳೇ ಇರುವುದಿಲ್ಲ. ವಿಜಿಎ ಪೋರ್ಟಿನ ಇಡಿಐಡಿ ಫೈಲಿಗೆ, ಬೈಟ್ ಎಣಿಸುವ ‘ಡಬ್ಲ್ಯೂಸಿ -ಸಿ’ ಕಮ್ಯಾಂಡ್ ಕೊಟ್ಟಾಗ ಬಂದದ್ದು 0. ಬರಬೇಕಿದ್ದದ್ದು 128 ಅಥವಾ 256.

ಹಾಗಾಗಿ ವಿವರವನ್ನು ನಾವೇ ಕೊಡಬೇಕು. ಟರ್ಮಿನಲ್‌ನಲ್ಲಿ ‘ಸಿವಿಟಿ -ಆರ್ 1920 1080’ ಕೊಟ್ಟರೆ ಮೋಡ್‌ಲೈನ್ (ಆ ಅಳತೆಗೆ ಬೇಕಾದ ಸಿಗ್ನಲ್‌ನ ಲೆಕ್ಕವಿರುವ ಸಾಲು) ಬರುತ್ತದೆ: ಮೊದಲು ಸಿಗ್ನಲ್‌ನ ವೇಗ 138.50 ಮೆಗಾಹರ್ಟ್ಸ್, ನಂತರ 1920 1968 2000 2080, ಆಮೇಲೆ 1080 1083 1088 1111. ‘-ಆರ್’ ಬಿಡಬೇಡಿ. ಬಿಟ್ಟರೆ 173 ಮೆಗಾಹರ್ಟ್ಸ್‌ಗೆ ಏರುತ್ತದೆ, ಕಳಪೆ ಕೇಬಲ್ಲಿಗೆ ಅದು ಭಾರ.

ಮುಂದೆ ಪರದೆಯ ಅಳತೆ ಬದಲಿಸುವ ಎಕ್ಸ್‌ರಾಂಡರ್ ಕಮ್ಯಾಂಡ್ ಮೂರು ಸಲ, ಇದೇ ಕ್ರಮದಲ್ಲಿ: ‘--ನ್ಯೂಮೋಡ್’ ಜೊತೆ ಮೇಲಿನ ಇಡೀ ಸಾಲು, ಆಮೇಲೆ ‘--ಆಡ್‌ಮೋಡ್’, ಕೊನೆಗೆ ‘--ಔಟ್‌ಪುಟ್’ ಮತ್ತು ‘--ಮೋಡ್’. ಮೂರರಲ್ಲೂ ಮೋಡ್‌ನ ಹೆಸರು ಒಂದೇ ಇರಲಿ. ಪೋರ್ಟಿನ ಹೆಸರು ‘ವಿಜಿಎ-1’ ಎಂದೋ ಅಡ್ಡಗೆರೆಯಿಲ್ಲದ ‘ವಿಜಿಎ1’ ಎಂದೋ ಇರುತ್ತದೆ. ಬರೀ ಎಕ್ಸ್‌ರಾಂಡರ್ ಓಡಿಸಿ ನೋಡಿಕೊಳ್ಳಿ.

ರೀಬೂಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ. ಆ ಮೂರು ಸಾಲನ್ನು ಹೋಮ್ ಫೋಲ್ಡರಿನ ‘.ಎಕ್ಸ್‌ಪ್ರೊಫೈಲ್’ ಫೈಲಿಗೆ ಹಾಕಿದರೆ ಪ್ರತಿ ಲಾಗಿನ್‌ನಲ್ಲೂ ತಾನೇ ಕೂರುತ್ತದೆ. ಲಾಗಿನ್ ಆಗುವಾಗ ವೇಲ್ಯಾಂಡ್ (ಪರದೆಗೆ ಚಿತ್ರ ಕಳಿಸುವ ಇನ್ನೊಂದು ಬಗೆಯ ವ್ಯವಸ್ಥೆ) ಸೆಷನ್ ಆರಿಸಿದ್ದರೆ ಇದು ನಡೆಯದು.