ಥೈರಾಯ್ಡ್ ಮಾತ್ರೆ, ಕೂದಲಿನ ಮಾತ್ರೆ, ಒಂದು ಸುಳ್ಳು ರಿಪೋರ್ಟು

ತಿಪಟೂರಿನಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಡಿ.ಫಾರ್ಮ ಮುಗಿಸಿ ಮದುವೆಯಾಗಿ ಬಂದವಳು ಹದಿನೆಂಟು ವರ್ಷದಿಂದ ಅದರ ಕೌಂಟರಿನ ಹಿಂದೆ ನಿಂತಿದ್ದೇನೆ. ಒಂಬತ್ತು ವರ್ಷದಿಂದ ನನಗೂ ಥೈರಾಯ್ಡ್ ಇದೆ. (ಥೈರಾಯ್ಡ್ ಅನ್ನೋದು ಗ್ರಂಥಿ, ಎಲ್ಲರಿಗೂ ಇರುತ್ತೆ ಅಂತ ತಿದ್ದಲು ಹೋಗಿ ಗಿರಾಕಿಗಳ ಹತ್ತಿರ ಬೈಸಿಕೊಂಡ ಮೇಲೆ ನಾನೂ ಹೀಗೇ ಹೇಳುತ್ತೇನೆ.) ದಿನಕ್ಕೆ ನೂರು ಜನಕ್ಕೆ ಮಾತ್ರೆ ಕೊಡುವವಳು ನನ್ನ ಮಾತ್ರೆಯನ್ನು ನಾನೇ ಆರಿಸಿಕೊಳ್ಳುವಾಗ ಹೇಗೆ ಎಡವಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಎರಡನೇ ಮಗುವಾಗಿ ಒಂದು ವರ್ಷ ಕಳೆದರೂ ಸುಸ್ತು ಹೋಗಿರಲಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ‘ಕೆಲಸ ಮಾಡು’ ಅಂತ ಹೇಳುವ ಹಾರ್ಮೋನು, ಗ್ರಂಥಿ ಸೋತಷ್ಟೂ ಇದು ಏರುತ್ತದೆ) 14 ಬಂತು. ಆಂಟಿ ಟಿಪಿಒ ಅನ್ನುವ ಆಂಟಿಬಾಡಿ ಕೂಡ ಏರಿತ್ತು. ಅಂದರೆ ಹಾಶಿಮೊಟೊ: ಮೈಯ ರಕ್ಷಣೆಗೆ ಇರುವ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವ ಕಾಯಿಲೆ. ಗ್ರಂಥಿ ಕೊಡಬೇಕಾದ ಹಾರ್ಮೋನನ್ನು ತುಂಬಿಕೊಡುವ ಥೈರಾಕ್ಸಿನ್ ಮಾತ್ರೆ 50 ಮೈಕ್ರೋಗ್ರಾಂನಿಂದ ಶುರುವಾಗಿ 75ಕ್ಕೆ ಬಂದು ನಿಂತಿತು. ಟಿಎಸ್‌ಎಚ್ ಮೂರರ ಆಸುಪಾಸಿಗೆ ಇಳಿಯಿತು. ಕೂದಲು ಉದುರುವುದು ಮಾತ್ರ ನಿಲ್ಲಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕಂಪನಿಯ ಒಬ್ಬ ರೆಪ್ ಬಂದ. ಕೂದಲಿಗೆ ಅಂತ ಮಾರುವ ವಿಟಮಿನ್ ಬಯೋಟಿನ್, 10 ಮಿಲಿಗ್ರಾಂ, ಹತ್ತಕ್ಕೆ ಎರಡು ಫ್ರೀ. ಫ್ರೀ ಬಂದ ಡಬ್ಬಿಯಲ್ಲಿ ಒಂದು ನನ್ನ ಪಾಲಾಯಿತು. ಬಯೋಟಿನ್ ನಮಗೆ ದಿನಕ್ಕೆ ಬೇಕಾಗಿರುವುದು ಸುಮಾರು 30 ಮೈಕ್ರೋಗ್ರಾಂ. ನಾನು ನುಂಗುತ್ತಿದ್ದದ್ದು ಅದರ ಮುನ್ನೂರು ಪಟ್ಟಿಗೂ ಹೆಚ್ಚು. ನೀರಿನಲ್ಲಿ ಕರಗುವ ವಿಟಮಿನ್ ತಾನೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ ಅಂತ ಧೈರ್ಯ.

ಮೂರು ತಿಂಗಳಿಗೆ ರಕ್ತ ಪರೀಕ್ಷೆ. ಬೆಳಗ್ಗೆ ಬಯೋಟಿನ್ ನುಂಗಿಯೇ ಲ್ಯಾಬಿಗೆ ಹೋದೆ. ಟಿಎಸ್‌ಎಚ್ 0.2, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಮೇಲೆ. ಡೋಸ್ ಜಾಸ್ತಿಯಾಗಿದೆ ಅಂತ ಡಾಕ್ಟರು 50ಕ್ಕೆ ಇಳಿಸಿದರು. ರಿಪೋರ್ಟ್ ನೋಡಿದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಆಮೇಲಿನ ಎರಡು ತಿಂಗಳು ಹೇಗಿದ್ದೆ ಅಂದರೆ, ಮಧ್ಯಾಹ್ನ ಬಿಲ್ ಬರೆಯುತ್ತಾ ತೂಕಡಿಕೆ, ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಆರಿಸುವಷ್ಟು ಚಳಿ, ಮುಖವೆಲ್ಲ ಊದಿಕೊಂಡಂತೆ. ಅಷ್ಟರಲ್ಲಿ ಡಬ್ಬಿ ಖಾಲಿಯಾಗಿ ಹತ್ತು ದಿನವಾಗಿತ್ತು. ಮತ್ತೆ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ 13.

“ಬೇರೆ ಏನಾದ್ರೂ ತಗೋತಿದ್ದೀರೇನಮ್ಮಾ?” ಅಂತ ಡಾಕ್ಟರು ಕೇಳಿದರು. “ಏನೂ ಇಲ್ಲ ಸಾರ್” ಅಂದೆ. ಸುಳ್ಳು ಹೇಳಿದ್ದಲ್ಲ. ಬಯೋಟಿನ್ ನನ್ನ ಲೆಕ್ಕದಲ್ಲಿ ‘ಏನೋ ಒಂದು’ ಆಗಿರಲೇ ಇಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ಮೊಬೈಲ್ ತೆಗೆದು ಹುಡುಕಿದರೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎಷ್ಟೋ ಲ್ಯಾಬ್ ಯಂತ್ರಗಳು ಪರೀಕ್ಷೆಯೊಳಗೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸುತ್ತವೆ. ರಕ್ತದಲ್ಲೂ ಬಯೋಟಿನ್ ತುಂಬಿದ್ದರೆ ಆ ಅಂಟಿನ ಜಾಗಕ್ಕೆ ಅದು ನುಗ್ಗುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಅಂತ ಯಂತ್ರ ಹೇಳುತ್ತದೆ. ನನ್ನ ಗ್ರಂಥಿಗೆ ಹೊಸದಾಗಿ ಏನೂ ಆಗಿರಲಿಲ್ಲ, ಕೆಟ್ಟದ್ದು ರಿಪೋರ್ಟು. ಮರುದಿನವೇ ಹೋಗಿ ಒಪ್ಪಿಕೊಂಡೆ. ಮತ್ತೆ 75 ಶುರುಮಾಡಿದರು. ಏಳು ವಾರ ಬಿಟ್ಟು ನೋಡಿದರೆ 2.8.

ಅಲ್ಲಿಂದ ನಾನು ಹಿಡಿದ ದಾರಿಯೇ ಬೇರೆ. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ನೋಡುವ ಮೊದಲು ನನ್ನ ರಕ್ತದಲ್ಲಿ ಏನು ಕಡಿಮೆ ಇದೆ ಅಂತ ನೋಡುವುದು. ಡಾಕ್ಟರನ್ನು ಕೇಳಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ ಮಾಡಿಸಿದೆ. ಫೆರಿಟಿನ್ 9! ಹಿಮೋಗ್ಲೋಬಿನ್ 11.8 ಇದ್ದದ್ದರಿಂದ ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ಥೈರಾಯ್ಡ್ ಹಾರ್ಮೋನು ತಯಾರಿಸುವ ಕಿಣ್ವಕ್ಕೇ ಕಬ್ಬಿಣ ಬೇಕು, ಕೂದಲಿನ ಬುಡಕ್ಕೂ ಬೇಕು. ವರ್ಷಗಟ್ಟಲೆ ವಿಪರೀತ ಮುಟ್ಟಿನಲ್ಲಿ ಕಳೆದುಕೊಂಡದ್ದಕ್ಕೆ ಬಯೋಟಿನ್ ಏನು ಮಾಡೀತು? ಬಿ12 ಕೂಡ ಕಡಿಮೆ. ನಮ್ಮದು ಮೊಟ್ಟೆಯೂ ಮುಟ್ಟದ ಮನೆ, ಆಶ್ಚರ್ಯವೇನಿಲ್ಲ. ಡಿ 14, ಅದೂ ಕಡಿಮೆಯೇ.

ಹಾಗಾಗಿ ನನ್ನ ಸಪ್ಲಿಮೆಂಟ್ ಮೂರೇ: ಕಬ್ಬಿಣ, ಬಿ12, ಡಿ. ಡಿ ಅಂದರೆ ವಾರಕ್ಕೊಂದು 60,000 ಯೂನಿಟ್ಟಿನ ಸ್ಯಾಶೆ, ಎಂಟು ವಾರ. ‘ವಾರಕ್ಕೊಂದು’ ಅನ್ನುವುದನ್ನು ನಾನು ಈಗ ಕವರಿನ ಮೇಲೆ ಕೆಂಪು ಇಂಕಿನಲ್ಲಿ ಬರೆದೇ ಕೊಡುತ್ತೇನೆ. ಯಾಕೆಂದರೆ ಒಬ್ಬ ಹಿರಿಯರು ಬೇರೆಲ್ಲೋ ತಂದ ಸ್ಯಾಶೆಯನ್ನು ತಿಂಗಳಿಡೀ ದಿನಕ್ಕೊಂದರಂತೆ ಹಾಲಿಗೆ ಹಾಕಿಕೊಂಡು ಕುಡಿದು, ಕ್ಯಾಲ್ಸಿಯಂ ಏರಿ, ವಾಂತಿಯಾಗಿ ಆಸ್ಪತ್ರೆ ಸೇರಿದ್ದರು.

ಯಾವುದು ಅನ್ನುವುದಕ್ಕಿಂತ ಯಾವಾಗ ಅನ್ನುವುದು ನನಗೆ ಹೆಚ್ಚು ಕಷ್ಟಕೊಟ್ಟಿತು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದುಹಾಕುತ್ತವೆ, ನಡುವೆ ನಾಲ್ಕು ಗಂಟೆ ಬಿಡಬೇಕು. ಕಾಫಿಯೂ ಅಡ್ಡ ಬರುತ್ತದೆ. ನಾನೋ, ಆರಕ್ಕೆ ಮಾತ್ರೆ, ಆರೂ ಹತ್ತಕ್ಕೆ ಡಿಕಾಕ್ಷನ್ ಇಳಿಸುವ ಜಾತಿ. ಅದು ಸಾಲದು ಅಂತ ಅತ್ತೆಯವರು ಪ್ರೀತಿಯಿಂದ ಲೋಟ ತುಂಬ ರಾಗಿ ಅಂಬಲಿ ಕೊಡುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿ ಬಿಡಬೇಕಾಗಿಲ್ಲ, ಮಾತ್ರೆಯ ಬೆನ್ನಿಗೇ ಕುಡಿಯಬಾರದು ಅಷ್ಟೆ. ಈಗ ಐದೂವರೆಗೆ ಬರೀ ನೀರಿನಲ್ಲಿ ಥೈರಾಕ್ಸಿನ್, ಆರೂವರೆಗೆ ಕಾಫಿ, ಅಂಬಲಿ ಸಂಜೆಗೆ. ಕಬ್ಬಿಣ ಹನ್ನೊಂದಕ್ಕೆ ಅಂಗಡಿಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ. ಹನ್ನೊಂದರ ಕಾಫಿ ಅದರಿಂದ ತಪ್ಪಿಹೋಯಿತು. ಅದರ ಸಂಕಟ ಟಿಎಸ್‌ಎಚ್ ಸಂಕಟಕ್ಕಿಂತ ದೊಡ್ಡದು.

ಇನ್ನು ಕೊಳ್ಳದೆ ಬಿಟ್ಟವು. ‘ಥೈರಾಯ್ಡ್ ಸಪೋರ್ಟ್’ ಅನ್ನುವ ಕ್ಯಾಪ್ಸೂಲುಗಳ ಡಬ್ಬಿ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಕೆಲ್ಪ್, ಸೆಲೆನಿಯಂ, ಅಶ್ವಗಂಧ. ಕೆಲ್ಪ್ ಅಂದರೆ ಕಡಲಪಾಚಿ, ಅಯೋಡಿನ್ನಿನ ಗಣಿ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಪ್ರಮಾಣ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅಯೋಡಿನ್ ಬೇಕಾದ ಕಾಲ ಒಂದಿತ್ತು. 1950ರ ದಶಕದಲ್ಲಿ ಶುರುವಾದ ಅಧ್ಯಯನದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಇಳಿಯುವುದನ್ನು ತೋರಿಸಿಕೊಟ್ಟಿದ್ದರು. ಅದು ಮಣ್ಣಲ್ಲೇ ಅಯೋಡಿನ್ ಇಲ್ಲದವರ ಕಥೆ. ನನ್ನ ಕಥೆ ಬೇರೆ. ಮನೆಗೆ ಬರುವ ಉಪ್ಪಿನಲ್ಲಿ ಗ್ರಾಮಿಗೆ ಕಡೇಪಕ್ಷ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು ಅನ್ನುವುದು ಕಾನೂನು. ಹತ್ತು ಗ್ರಾಂ ಉಪ್ಪಿಗೆ ದಿನಕ್ಕೆ ಬೇಕಾದ 150 ಮೈಕ್ರೋಗ್ರಾಂ ಮುಗಿಯಿತು. ಸಾರು, ಹುಳಿ, ಉಪ್ಪಿನಕಾಯಿ ತಿನ್ನುವವರಿಗೆ ಅಷ್ಟು ಉಪ್ಪು ಹೋಗದೆ ಇರುತ್ತದೆಯೇ? ಅದರ ಮೇಲೆ ಕೆಲ್ಪ್ ಸುರಿದರೆ ಹಾಶಿಮೊಟೊ ಇರುವ ಗ್ರಂಥಿ ಇನ್ನಷ್ಟು ಮುನಿಸಿಕೊಳ್ಳಬಹುದು. ಇತ್ತ ಹಿಮಾಲಯನ್ ಪಿಂಕ್ ಉಪ್ಪಿಗೆ ಪೂರ್ತಿ ಬದಲಾದವರು ಬೇರೆ ಇದ್ದಾರೆ. ಪ್ಯಾಕೆಟ್ ಮೇಲೆ ಅಯೋಡಿನ್ ಇದೆಯೋ ನೋಡಿ ಅಂತ ಅವರಿಗೆ ಹೇಳುತ್ತೇನೆ.

ಸೆಲೆನಿಯಂ ವಿಷಯದಲ್ಲಿ ಸ್ವಲ್ಪ ದಿನ ಮನಸ್ಸು ಓಲಾಡಿತು. ಟಿ4 ಅನ್ನು ಮೈಯಲ್ಲಿ ಕೆಲಸಮಾಡುವ ಟಿ3 ಹಾರ್ಮೋನಾಗಿ ಮಾಡುವ ಕಿಣ್ವಗಳಿಗೆ ಅದು ಬೇಕು. ದಿನಕ್ಕೆ 200 ಮೈಕ್ರೋಗ್ರಾಂ ಕೊಟ್ಟ ಕೆಲವು ಪ್ರಯೋಗಗಳಲ್ಲಿ ಆಂಟಿಬಾಡಿ ಇಳಿದದ್ದೂ ನಿಜ. ಆದರೆ ಆಂಟಿಬಾಡಿ ಇಳಿದರೆ ಥೈರಾಕ್ಸಿನ್ ಬಿಡಬಹುದು ಅಂತ ಯಾರೂ ತೋರಿಸಿಲ್ಲ. ಬೇಕಾಗಿರುವುದು ದಿನಕ್ಕೆ 55ರಷ್ಟು. ಅತಿಯಾದರೆ ಉಗುರು ಸೀಳಿ ಕೂದಲು ಉದುರುತ್ತದೆ. ಕೂದಲಿಗೆ ಅಂತ ಹೊರಟವಳು ಮತ್ತೆ ಅದೇ ಗುಂಡಿಗೆ ಬೀಳುವುದೇ? ಬಿಟ್ಟೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಮಾತ್ರೆ ತೂಗಿ ಕೊಟ್ಟಿರುವಾಗ ತಕ್ಕಡಿಯ ಇನ್ನೊಂದು ಕಡೆ ಬೆರಳು ಒತ್ತಿದಂತೆ ಅದು. ಕೆಲವರ ಲಿವರಿಗೂ ಪೆಟ್ಟು ಕೊಟ್ಟಿದೆ. ಅಮೆರಿಕದಲ್ಲಿ 2013ರಲ್ಲಿ ಇಂಥ ಹತ್ತು ‘ಥೈರಾಯ್ಡ್’ ಸಪ್ಲಿಮೆಂಟುಗಳನ್ನು ಪರೀಕ್ಷಿಸಿದಾಗ ಒಂಬತ್ತರಲ್ಲಿ ಟಿ3 ಹಾರ್ಮೋನೇ ಸಿಕ್ಕಿತ್ತು. ತಿಂದವರಿಗೆ ಚುರುಕು ಬಂದಂತೆ ಅನ್ನಿಸಿದ್ದರೆ ಅದು ಗಿಡಮೂಲಿಕೆಯ ಗುಣವಲ್ಲ.

ಈಚೆಗೆ ನನ್ನ ನಾದಿನಿ ‘ಹಾರ್ಮೋನ್ ಬ್ಯಾಲೆನ್ಸ್’ ಪೌಡರ್ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದಳು. ನಲವತ್ತಾರು ವರ್ಷ, ಮುಟ್ಟು ಹಿಂದೆ ಮುಂದೆ, ರಾತ್ರಿ ಬೆವರು.

“ಯಾವ ಹಾರ್ಮೋನು ಬ್ಯಾಲೆನ್ಸ್ ಮಾಡುತ್ತಂತೆ?” ಅಂತ ಕೇಳಿದೆ.

“ಎಲ್ಲಾ ಅಂತ ಇದೆ ಅತ್ತಿಗೆ.”

ಡಬ್ಬಿ ಹಿಂದೆ ಹದಿನಾಲ್ಕು ಮೂಲಿಕೆಗಳ ಹೆಸರು, ಎಲ್ಲ ಸೇರಿ ಇಷ್ಟು ಗ್ರಾಂ ಅನ್ನುವ ಒಂದೇ ಅಂಕಿ. ಯಾವುದು ಎಷ್ಟು ಅಂತಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇತ್ತು. ಅದು ಆಹಾರದ ಲೈಸೆನ್ಸು, ಔಷಧಿಯದ್ದಲ್ಲ. ಕೆಳಗೆ ಸಣ್ಣದಾಗಿ ‘ಔಷಧಿಯಾಗಿ ಬಳಸಲು ಅಲ್ಲ’ ಅಂತ ಇಂಗ್ಲಿಷಿನಲ್ಲಿ ಅವರೇ ಅಚ್ಚು ಹಾಕಿದ್ದರು. ಅದನ್ನು ಬೆರಳಿಟ್ಟು ತೋರಿಸಿ, ಮೊದಲು ಹೆಂಗಸರ ಡಾಕ್ಟರ ಹತ್ತಿರ ಹೋಗಿ ಬಾ, ಟಿಎಸ್‌ಎಚ್, ಫೆರಿಟಿನ್ ಮಾಡಿಸು ಅಂದೆ. ನಮ್ಮ ಯಜಮಾನರು ಗಲ್ಲಾದಿಂದಲೇ, “ಹಿಂಗೆ ಬಂದವರನ್ನೆಲ್ಲ ಲ್ಯಾಬಿಗೆ ಕಳಿಸಿದರೆ ನಾವು ಬಾಗಿಲು ಹಾಕ್ಕೊಂಡು ಹೋಗಬೇಕಾಗುತ್ತೆ” ಅಂದರು. ಪೂರ್ತಿ ತಮಾಷೆಯೇನಲ್ಲ. ಆ ಡಬ್ಬಿಯಲ್ಲಿ ಸಿಗುವ ಮಾರ್ಜಿನ್ ಥೈರಾಕ್ಸಿನ್ ಬಾಟಲಿಯಲ್ಲಿ ಸಿಗುವುದಿಲ್ಲ.

ಬಯೋಟಿನ್ ಮಾರುವುದನ್ನು ನಾವು ನಿಲ್ಲಿಸಿಲ್ಲ. ಥೈರಾಯ್ಡ್ ಮಾತ್ರೆ ಒಯ್ಯುವವರು ಅದನ್ನೂ ಕೇಳಿದರೆ, ಮುಂದಿನ ಟೆಸ್ಟ್ ಯಾವಾಗ ಅಂತ ವಿಚಾರಿಸುತ್ತೇನೆ. ಅದಕ್ಕೆ ಕಡೇಪಕ್ಷ ಎರಡು ದಿನ ಮೊದಲು ನಿಲ್ಲಿಸಿ ಅಂತ ಡಬ್ಬಿಯ ಮೇಲೇ ಬರೆದು, ಡಾಕ್ಟರಿಗೂ ಹೇಳಿ ಅನ್ನುತ್ತೇನೆ. ನಾದಿನಿಯ ಫೆರಿಟಿನ್ ಹನ್ನೆರಡು ಬಂತು. ಡಾಕ್ಟರು ಕಬ್ಬಿಣ ಬರೆದಿದ್ದಾರೆ. ಮೊನ್ನೆ ಬೆಳಗ್ಗೆ ಗಾಬರಿಯಿಂದ ಫೋನ್ ಮಾಡಿದ್ದಳು, ಮಲ ಕಪ್ಪಗೆ ಹೋಗ್ತಿದೆ ಅಂತ. ಕಬ್ಬಿಣದ ಮಾತ್ರೆಗೆ ಹಾಗಾಗುವುದುಂಟು.